ಮೊದಲು ಹಲಗೆ, ಆಮೇಲೆ ಡಬ್ಬಿ

ನಮ್ಮ ಮಾವನಿಗೆ ಇಂಗ್ಲಿಷ್ ಬಾರದು. ಕಂಪ್ಯೂಟರನ್ನು ಅವರು ಮುಟ್ಟಿದ್ದು ಒಂದೇ ಸಲ, ಅದೂ ಅದರ ಮೇಲಿನ ಧೂಳು ಒರೆಸಲಿಕ್ಕೆ. ಆದರೂ ಪ್ರಪಂಚದ ಮೂಲೆಮೂಲೆಯಲ್ಲಿ ಜನ ಬಳಸುವ ಒಂದು ಕಂಪ್ಯೂಟರ್ ಭಾಷೆಯ ಕೈಪಿಡಿಯಲ್ಲಿದ್ದ ತಪ್ಪನ್ನು ತಿದ್ದಿಸಿದ ಮಹಾನುಭಾವರು ಅವರೇ! ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಆಮೇಲಿನ ನಾಲ್ಕು ತಿಂಗಳು ಅವರು ನನ್ನ ಜೀವ ಹಿಂಡಿದ ರೀತಿಗೆ ನಗು ಎಲ್ಲಿಗೆ ಓಡಿಹೋಯಿತೋ ಗೊತ್ತಿಲ್ಲ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು, ತ್ರಿಪ್ಲಿಕೇನಿನ ಒಂದು ಸಸ್ಯಾಹಾರಿ ಹೋಟೆಲಿನ ಉಗ್ರಾಣದ ಒಳಗೆ ಹೋದವರು ಮತ್ತೆ ಹೊರಗೆ ಬರಲೇ ಇಲ್ಲ. ಅಕ್ಕಿ, ಬೇಳೆ, ಸಕ್ಕರೆ, ರವೆ ಇಡುವ ಆ ಕೋಣೆಯಲ್ಲಿ ಮೂರು ಸಾಲು ತಗಡಿನ ಡಬ್ಬಿಗಳು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಚೀಟಿ ಅಂಟಿಸಿದರೆ ಅಡಿಗೆಮನೆಯ ಆವಿಗೆ, ಎಣ್ಣೆ ಕೈಗೆ ಎರಡು ದಿನ ನಿಲ್ಲುತ್ತಿರಲಿಲ್ಲವಂತೆ. ಅದಕ್ಕೇ ಬಾಗಿಲಿಗೆ ಒಂದು ಕಪ್ಪು ಹಲಗೆ ನೇತುಹಾಕಿ, ಯಾವ ಸಾಲಿನ ಎಷ್ಟನೇ ಡಬ್ಬಿಯಲ್ಲಿ ಏನಿದೆ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿಡುವುದು ಅಲ್ಲಿನ ಪದ್ಧತಿ. ಅಡಿಗೆಯವರು ಹಲಗೆ ನೋಡುತ್ತಾರೆ, ಡಬ್ಬಿ ಎತ್ತುತ್ತಾರೆ, ಅಷ್ಟೇ.

ಆ ಹಲಗೆಯ ವಿಚಾರದಲ್ಲಿ ಮಾವನದ್ದು ಒಂದೇ ಶಾಸನ: ಮೊದಲು ಹಲಗೆ, ಆಮೇಲೆ ಡಬ್ಬಿ. ಡಬ್ಬಿಯನ್ನು ಜಾಗ ಬದಲಿಸುವ ಮೊದಲು ಹಲಗೆಯಲ್ಲಿ ಬದಲಿಸಬೇಕು. ಡಬ್ಬಿ ಇಟ್ಟಾದ ಮೇಲೆ ಬರೆಯುತ್ತೇನೆ ಎಂದರೆ ನೀವು ಮನುಷ್ಯರೇ ಅಲ್ಲ!

ಹೋಟೆಲಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ ಬಿಡಿ. ಮನೆಯಲ್ಲೂ ಇದೇ ಆದರೆ? ಕೆಲಸ ಸಿಕ್ಕಿ ನಾನು ಅವರ ಮನೆಗೆ ಬಂದಿಳಿದ ಮೊದಲ ದಿನ ಅಡಿಗೆಮನೆಯಲ್ಲಿ ಅತ್ತೆ ಇಂಗಿನ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದರು. ಅತ್ತೆ ಮದ್ರಾಸಿನಲ್ಲೇ ಹುಟ್ಟಿ ಬೆಳೆದವರು, ಮಾತಿಗೊಂದು ತಮಿಳು.

"ಯಾಕತ್ತೆ ಹೀಗೆ ನಿಂತಿದ್ದೀರಿ?"

"ಇಂಗನ್ನ ಮೇಲಿನ ಸಾಲಿಗೆ ಇಡ್ಬೇಕಮ್ಮಾ. ಇವರು ಸ್ನಾನ ಮುಗಿಸಿ ಬಂದು ಸ್ಲೇಟಲ್ಲಿ ಬರೀಲಿ ಅಂತ ಕಾಯ್ತಿದ್ದೀನಿ."

"ನೀವೇ ಬರೀಬಹುದಲ್ಲ?"

"ಪೋದುಂ, ಸಾಕಮ್ಮಾ! ಒಂದ್ಸಲ ಬರ್ದಿದ್ದೆ. ಕೈಬರಹ ತಿಳಿಯೋದಿಲ್ಲ ಅಂದ್ರು. ಓದೋದು ನಾನೊಬ್ಳೇ, ನಂಗೆ ತಿಳಿಯುತ್ತೆ ಅಂದೆ. 'ನಾಳೆ ಬರುವವರಿಗೆ?' ಅಂತಾರೆ. ನಾಳೆ ನಮ್ಮ ಅಡಿಗೆಮನೆಗೆ ಯಾರಮ್ಮಾ ಬರ್ತಾರೆ?"

ಬಚ್ಚಲಲ್ಲಿ ಮಾವ ಶ್ಲೋಕ ಹೇಳುತ್ತಾ ಆರಾಮವಾಗಿ ನೀರು ಹೊಯ್ದುಕೊಳ್ಳುತ್ತಿದ್ದರು.

ಮನೆಯಿಂದ ಹೊರಗೆ ಬಿದ್ದರೋ, ಇಡೀ ಊರೇ ಅವರಿಗೆ ಉಗ್ರಾಣ. ಬಸ್ ನಿಲ್ದಾಣದ ಫಲಕದಲ್ಲಿ ನಿಂತುಹೋದ ಬಸ್ಸಿನ ಸಂಖ್ಯೆ ಹಾಗೇ ಇದ್ದರೆ ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು ಅಡ್ಡಗೆರೆ ಎಳೆಯುತ್ತಿದ್ದರು. ಹಲ್ಲಿನ ವೈದ್ಯರು ಎದುರಿನ ಕಟ್ಟಡಕ್ಕೆ ಹೋಗಿ ಆರು ತಿಂಗಳಾದರೂ ಹಳೆಯ ಬೋರ್ಡು ತೆಗೆದಿಲ್ಲವೆಂದು, ಹಲ್ಲುನೋವಿಲ್ಲದಿದ್ದರೂ ಸರದಿಯಲ್ಲಿ ಕೂತು, ಒಳಗೆ ಹೋಗಿ, ವೈದ್ಯರು "ಬಾಯಿ ತೆರೆಯಿರಿ" ಎಂದ ಕೂಡಲೇ ಬಾಯಿ ತೆರೆದು ಬೈದು ಬಂದರು! ಒಂದು ದಿನ ಬಸ್ಸಿನ ಫಲಕಕ್ಕೆ ಗೆರೆ ಎಳೆಯುವಾಗ ಪೊಲೀಸರ ಕೈಗೇ ಸಿಕ್ಕಿಬಿದ್ದರು. ಪೊಲೀಸಪ್ಪ ಏನು ಮಾಡುತ್ತಿದ್ದೀರಿ ಎಂದು ಗದರಿಸಿದರೆ ಇವರು, "ಈ ಬಸ್ಸು ಬರುದಿಲ್ಲ ಸಾರ್, ಜನ ಕಾಯ್ತಾರೆ" ಎಂದರು. ಪೊಲೀಸಪ್ಪ ಸ್ವಲ್ಪ ಯೋಚಿಸಿ, ತಾನೂ ಅದೇ ಬಸ್ಸಿಗೆ ಕಾಯುತ್ತಿದ್ದೆ ಎಂದರಂತೆ. ಇದಾದ ಮೇಲೆ ಮಾವನನ್ನು ಹಿಡಿಯುವವರೇ ಇಲ್ಲ.

ಹೀಗೆ ಊರೆಲ್ಲ ಸುತ್ತುವ ಮಾವ ಮೀನುಬಂದರಿರುವ ಕಾಸಿಮೇಡಿನ ಕಡೆಗೆ ಮಾತ್ರ ತಲೆ ಹಾಕುತ್ತಿರಲಿಲ್ಲ. ಮೀನು ವಾಸನೆಯಂತೆ! ಕಡಲ ತೀರದ ಊರಲ್ಲಿ ಹುಟ್ಟಿ, ಮೀನಿನ ಬುಟ್ಟಿಗಳ ನಡುವೆಯೇ ಶಾಲೆಗೆ ನಡೆದುಹೋದವರು ಇವರು. ಕೇಳಿದರೆ ಮುಖ ತಿರುಗಿಸಿ, "ಆ ಕಡೆ ನನಗೆಂತ ಕೆಲಸ?" ಎನ್ನುತ್ತಿದ್ದರು. ದೊಡ್ಡವರ ಹಟ ಎಂದು ನಾನೂ ಬಿಟ್ಟುಬಿಟ್ಟೆ.

ಇನ್ನು ನನ್ನ ಕಥೆ. ಅಣ್ಣಾ ನಗರದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಆರು ತಿಂಗಳು ಪರೀಕ್ಷಾವಧಿ. ಅದು ದಾಟಿದರೆ ಕೆಲಸ ಖಾಯಂ, ಇಲ್ಲವಾದರೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ. ಐದನೇ ತಿಂಗಳಲ್ಲಿ ಒಂದು ಶಾಲೆಗೆ ಹಾಜರಿ ಮತ್ತು ರಜೆಯ ಪಟ್ಟಿ ತಯಾರಿಸುವ ಪ್ರೋಗ್ರಾಮು ಬರೆದುಕೊಟ್ಟೆ. ನಾವು ಬಳಸುತ್ತಿದ್ದ ಭಾಷೆಯೊಳಗೇ ಒಂದು ಸೌಲಭ್ಯವಿದೆ. ಹೆಸರು ಹೇಳಿದರೆ ಸಾಕು, ಆ ಹೆಸರಿನ ಕಡತವನ್ನು ಹುಡುಕಿ ತಂದುಕೊಡುತ್ತದೆ. ನಾನು ತಮಿಳುನಾಡಿನ ಹಬ್ಬಗಳನ್ನೆಲ್ಲ ತುಂಬಿ 'ಕ್ಯಾಲೆಂಡರ್' ಎಂಬ ಕಡತ ಮಾಡಿ ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟಿದ್ದೆ. ಅದೇ ಹೆಸರಿನದು ಭಾಷೆಯ ಸಾರ್ವಜನಿಕ ಭಂಡಾರದಲ್ಲೂ ಇತ್ತು. ಹಳೆಯ ಆವೃತ್ತಿಯಲ್ಲಿ ಆ ಸೌಲಭ್ಯ ಮೊದಲು ಪಕ್ಕದಲ್ಲಿ ಹುಡುಕಿ, ಸಿಗದಿದ್ದರೆ ಮಾತ್ರ ಭಂಡಾರಕ್ಕೆ ಹೋಗುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಆವೃತ್ತಿ, ಶಾಲೆಯಲ್ಲಿ ಹೊಸದು. ಹೊಸದರಲ್ಲೂ ಹೀಗೆಯೇ ತಾನೆ ಎಂದು ನಾನು ಹೊಸ ಕೈಪಿಡಿಯನ್ನೂ ತೆರೆದು ನೋಡಿದೆ. ಮೊದಲು ಪಕ್ಕದಲ್ಲೇ ಹುಡುಕುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು.

ಸುಳ್ಳು! ಹೊಸದರಲ್ಲಿ ಅದು ಪಕ್ಕಕ್ಕೆ ತಿರುಗಿಯೂ ನೋಡುವುದಿಲ್ಲ, ನೇರ ಭಂಡಾರಕ್ಕೇ ಓಡುತ್ತದೆ. ನಡತೆ ಬದಲಾಗಿತ್ತು, ಕೈಪಿಡಿಯಲ್ಲಿ ಯಾರೂ ಬದಲಿಸಿರಲಿಲ್ಲ. ಭಂಡಾರದ ಕ್ಯಾಲೆಂಡರಿಗೆ ಪೊಂಗಲ್ಲೂ ಗೊತ್ತಿಲ್ಲ, ದೀಪಾವಳಿಯೂ ಗೊತ್ತಿಲ್ಲ. ಪೊಂಗಲ್ ದಿನ ಶಾಲೆ ಉಂಟು ಎಂದು ಎಂಟು ತರಗತಿಗಳ ಮಕ್ಕಳ ಮನೆಗೆ ಅಚ್ಚಾದ ಪಟ್ಟಿ ಹೋಯಿತು!

"ಎನ್ನಮ್ಮಾ ಇದು? ಪೊಂಗಲ್ ಇಲ್ಲಾದ ಕ್ಯಾಲೆಂಡರಾ?" ಎಂದು ಮ್ಯಾನೇಜರು ಕುರ್ಚಿಯಿಂದ ಎದ್ದೇ ನಿಂತರು. ಕೈಪಿಡಿಯಲ್ಲಿ ಹಾಗಿತ್ತು ಎಂದು ಹೇಳಹೊರಟೆ. "ಅಷ್ಟು ದೊಡ್ಡ ಭಾಷೆಯ ಕೈಪಿಡಿ ತಪ್ಪು, ಐದು ತಿಂಗಳ ನೀನು ಸರಿ?" ಎಂದರು. ಪರೀಕ್ಷಾವಧಿ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು. 'ಅಜಾಗರೂಕತೆ' ಎಂದು ನನ್ನ ಫೈಲಿಗೆ ಒಂದು ಪತ್ರ ಸೇರಿತು. ಇನ್ನೊಂದು ತಪ್ಪಾದರೆ ಮನೆಗೆ. ನಾನು ಹೆದರಿ, ನನ್ನದೇ ತಪ್ಪು ಎಂದು ಕ್ಷಮಾಪಣೆ ಬರೆದು ಸಹಿ ಹಾಕಿಬಂದೆ.

ಸಂಜೆ ಮನೆಗೆ ಬಂದು ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅಳುತ್ತಾ ನಡೆದದ್ದೆಲ್ಲ ಹೇಳಿದೆ. ನನಗೆ ತಲೆಯೇ ಇಲ್ಲ, ಈ ಕೆಲಸಕ್ಕೆ ನಾನು ಲಾಯಕ್ಕಲ್ಲ ಎಂದೆ. ಮಾವ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು.

"ಅಂದ್ರೆ ಡಬ್ಬಿ ಜಾಗ ಬದಲಾಗಿದೆ, ಹಲಗೆ ಬದಲಾಗಲಿಲ್ಲ. ಅಷ್ಟೇ ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದನ್ನು ಇವರು ಎರಡು ಮಾತಿನಲ್ಲಿ ಮುಗಿಸಿಬಿಟ್ಟಿದ್ದರು.

"ಮತ್ತೆ ನೀನ್ಯಾಕೆ ತಪ್ಪು ಒಪ್ಪಿಕೊಂಡೆ?" ಮಾವ ಮೂಲೆಯಿಂದ ಎದ್ದು ಬಂದರು. "ತಪ್ಪು ನಿಂದಲ್ಲ ಪುಟ್ಟಿ, ಹಲಗೇದು. ಆ ಹಲಗೆ ಬರೆದವರು ಎಲ್ಲಿದ್ದಾರೆ?"

ಎಲ್ಲಿದ್ದಾರೆ ಎಂದರೆ ಏನು ಹೇಳಲಿ? ಊರೂರಲ್ಲಿ, ದೇಶದೇಶದಲ್ಲಿ ಇದ್ದಾರೆ, ಇಂಟರ್ನೆಟ್ಟಿನಲ್ಲಿ ಸೇರುತ್ತಾರೆ, ಸಂಬಳವಿಲ್ಲದೆ ಬರೆಯುತ್ತಾರೆ ಎಂದೆ. ಅಲ್ಲಿಗೆ ಬರೆದು ತಿದ್ದಿಸು ಎಂದರು. ನನ್ನ ಪ್ರೋಗ್ರಾಮನ್ನು ಸರಿಮಾಡಿಯಾಯಿತು, ಪೊಂಗಲ್ಲೂ ಬಂತು, ಇನ್ನು ಬಿಡಿ ಮಾವ ಎಂದೆ.

"ನಿಂಗೆ ಸರಿಯಾಯ್ತು. ನಾಳೆ ಬರುವವರಿಗೆ?"

ಶುರುವಾಯಿತು ನೋಡಿ ಶನಿಕಾಟ! ಬೆಳಿಗ್ಗೆ ಕಾಫಿ ಲೋಟದ ಜೊತೆಗೆ, "ಹಲಗೆ ಎಂತಾಯ್ತು?" ಬಸ್ಸು ಹತ್ತುವಾಗ, "ಹಲಗೆ!" ಮನೆಗೆ ಮರಳಿ ಚಪ್ಪಲಿ ಬಿಡುವ ಮೊದಲೇ, "ಬರೆದ್ಯಾ?" ಕಚೇರಿಗೇ ಫೋನು ಮಾಡಿದರು ಒಮ್ಮೆ. ಯಾರಿಗೋ ಮೈ ಹುಷಾರಿಲ್ಲವೇನೋ ಎಂದು ಗಾಬರಿಯಿಂದ ಓಡಿಹೋಗಿ ಎತ್ತಿದರೆ, "ಈಗ ಊಟದ ಹೊತ್ತಲ್ವಾ, ಬರೀಲಿಕ್ಕೆ ಸಮಯ ಉಂಟಲ್ಲ" ಎಂದರು. ಮೊದಲೇ ಕತ್ತಿ ತೂಗುತ್ತಿರುವ ಕೆಲಸ, ಎದುರಿಗೆ ಮ್ಯಾನೇಜರು. ಫೋನಿನಲ್ಲೇ ಕೈ ಮುಗಿದೆ.

ಕೊನೆಗೆ ಒಂದು ಭಾನುವಾರ ಅವರೇ ನನ್ನನ್ನು ಬೀದಿ ಕೊನೆಯ ಬ್ರೌಸಿಂಗ್ ಸೆಂಟರಿಗೆ ಎಳೆದುಕೊಂಡು ಹೋದರು. ಪ್ಲೈವುಡ್ಡಿನ ಗೂಡಿನೊಳಗೆ ಒಬ್ಬರು ಕೂರುವ ಜಾಗದಲ್ಲಿ ಇಬ್ಬರು ಕೂತು ದೂರಿನ ನಮೂನೆ ತೆರೆದೆವು. ಎಲ್ಲ ತುಂಬಿದೆ. ಕೊನೆಯಲ್ಲಿ ತಪ್ಪು ಕಂಡುಹಿಡಿದವರ ಹೆಸರು ಕೇಳಿತು.

"ನಿಮ್ಮ ಹೆಸರು ಹಾಕಲಾ ಮಾವ?" ಎಂದು ಕೀಟಲೆ ಮಾಡಿದೆ.

ಮಾವ ನಗಲಿಲ್ಲ. ಪರದೆಯ ಹತ್ತಿರಕ್ಕೆ ಬಗ್ಗಿ, "ಸುಬ್ರಾಯ ಅಂತ ಬರಿ" ಎಂದರು.

"ಯಾರು ಸುಬ್ರಾಯ?"

"ಬರಿ ಅಂದ್ರೆ ಬರೀಬೇಕು."

ಮನೆಗೆ ಬಂದು ಅತ್ತೆಯನ್ನು ಕೇಳಿದರೆ, ಉದ್ದಿನಬೇಳೆ ಆರಿಸುತ್ತಿದ್ದ ಅವರ ಕೈ ಒಂದು ಗಳಿಗೆ ನಿಂತಿತು. "ಎನಕ್ಕು ತೆರಿಯಾದಮ್ಮಾ" ಎಂದು ಮತ್ತೆ ಆರಿಸತೊಡಗಿದರು. ಅತ್ತೆಗೆ ಗೊತ್ತಿಲ್ಲವೆಂಬುದನ್ನು ನಾನು ನಂಬಲಿಲ್ಲ.

ಮೂರು ವಾರದ ಮೇಲೆ ಉತ್ತರ ಬಂತು. ತಪ್ಪು ನಿಜ, ಅಲ್ಲಿ ಏನಿರಬೇಕೋ ಅದನ್ನು ನೀವೇ ಬರೆದು ಕಳಿಸಿ ಎಂದಿತ್ತು. ನನಗೆ ಮೈಯೆಲ್ಲ ಉರಿಯಿತು. ಮಾವ ಮಾತ್ರ ಹಿಗ್ಗಿ ಹೀರೇಕಾಯಿಯಾದರು. "ಅವರ ಹಲಗೆ, ಸುಣ್ಣದ ಕಡ್ಡಿ ನಮ್ಮ ಕೈಗೆ ಕೊಡ್ತಾರಾ? ಎಂಥ ಒಳ್ಳೆ ಜನ ಮಾರಾಯ್ತಿ!"

ಬರೆದೆ. ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕನ್ನಡದಲ್ಲಿ ಮಾವನಿಗೆ ಹೇಳಿದೆ. ಬೇಡ ಎಂದರು. ಅರ್ಧ ಪುಟ ಮಾಡಿದೆ. "ಇಷ್ಟುದ್ದ ಓದಿ ಮುಗಿಸುವಾಗ ಒಲೆ ಮೇಲಿನ ಹಾಲು ಉಕ್ಕಿ ಹೋಗ್ತದೆ." ನಾಲ್ಕು ಸಾಲು ಮಾಡಿದೆ. "ಇದು ಗೊತ್ತಿದ್ದವರಿಗೆ ಬರೆದದ್ದು. ಗೊತ್ತಿದ್ದವರು ಹಲಗೆ ಯಾಕೆ ನೋಡ್ತಾರೆ?" ನಾನು ಪೆನ್ನು ಎಸೆದು, ಹಾಗಾದರೆ ನೀವೇ ಹೇಳಿ ಎಂದು ಕಿರುಚಿದೆ. ಮಾವ ಕಣ್ಣು ಮುಚ್ಚಿ ಹೇಳಿದರು: "ಪಕ್ಕದಲ್ಲಿ ಹುಡುಕುವುದಿಲ್ಲ. ಪಕ್ಕದ್ದೇ ಬೇಕಾದರೆ ಹಾಗೆಂದು ಹೇಳಬೇಕು. ಹಿಂದೆ ಇಲ್ಲಿ ಬರೆದದ್ದು ತಪ್ಪಾಗಿತ್ತು."

"ಕೊನೆಯ ವಾಕ್ಯ ಯಾಕೆ ಮಾವ? ತಿದ್ದಿದರೆ ಸಾಲದೇ?"

"ಸಾಲದು!" ಎಂದು ಅವರು ಕೂಗಿದ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು. "ಸುಮ್ಮನೆ ತಿದ್ದಿಟ್ರೆ, ಅದನ್ನು ನಂಬಿ ಕೆಟ್ಟವರ ಗತಿ ಎಂತ? ತಪ್ಪು ಹಲಗೇದಾಗಿತ್ತು ಅಂತ ಯಾರು ಹೇಳ್ತಾರೆ?"

ಆ ಮೂರು ವಾಕ್ಯಗಳನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಇನ್ನೂ ಎರಡು ವಾರ ಕಳೆದು, ಪರೀಕ್ಷಾವಧಿ ಮುಗಿಯಲು ಕೆಲವೇ ದಿನ ಇದ್ದಾಗ, ಕೈಪಿಡಿ ತಿದ್ದುಪಡಿಯಾಯಿತು. ಮಾವನ ಮೊದಲೆರಡು ವಾಕ್ಯಗಳು ಚಾಚೂ ತಪ್ಪದೆ ಪುಟದಲ್ಲಿದ್ದವು. ಮೂರನೆಯದು ಬದಲಾವಣೆಯ ಟಿಪ್ಪಣಿಯಲ್ಲಿತ್ತು: ಹಿಂದಿನ ವಿವರಣೆ ತಪ್ಪಾಗಿತ್ತು, ತೋರಿಸಿಕೊಟ್ಟವರು ಸುಬ್ರಾಯ. ಅದನ್ನು ಅಚ್ಚು ಹಾಕಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು. "ಯಾರಮ್ಮಾ ಈ ಸುಬ್ರಾಯ? ಪೆರಿಯ ಎಕ್ಸ್‌ಪರ್ಟಾ?" ಎಂದರು. ಹೌದು ಸಾರ್ ಎಂದೆ, ಇನ್ನೇನು ಹೇಳಲಿ? ಫೈಲಿನಿಂದ ಆ 'ಅಜಾಗರೂಕತೆ' ಪತ್ರವನ್ನೂ ನನ್ನ ಕ್ಷಮಾಪಣೆಯನ್ನೂ ತೆಗೆದು ನನ್ನ ಕೈಗೇ ಕೊಟ್ಟರು. ಮುಂದಿನ ವಾರ ಕೆಲಸ ಖಾಯಂ ಆಯಿತು.

ಅಂದು ಮನೆಗೆ ಬಂದು ಮಾವನಿಗೆ ಆ ಹಾಳೆ ಕೊಟ್ಟೆ. ಸುಬ್ರಾಯ ಎಂಬ ಹೆಸರು ಎಲ್ಲಿದೆ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಓದಲು ಬಾರದ ಆ ಅಕ್ಷರಗಳನ್ನು ಬೆರಳಿನಿಂದ ಸವರಿ, ಹಾಳೆಯನ್ನು ಮಡಿಸಿ ಜೇಬಿಗಿಟ್ಟು, "ನಾಳೆ ಬೆಳಿಗ್ಗೆ ಕಾಸಿಮೇಡಿಗೆ ಹೋಗುವ, ಬರ್ತಿಯಾ?" ಎಂದರು.

"ಮೀನು ವಾಸನೆ ಮಾವ!"

"ಇರ್ಲಿ" ಎಂದರು.

ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. ಇಪ್ಪತ್ತೈದು ವರ್ಷಗಳ ಹಿಂದೆ ಹೋಟೆಲಿನ ಮುಖ್ಯ ಅಡಿಗೆಯವರು ಸುಬ್ರಾಯ, ಮಾವನ ಜೊತೆ ಒಂದೇ ಕೋಣೆಯಲ್ಲಿ ಇದ್ದವರು. ಆ ದಿನ ಯಜಮಾನರ ಸತ್ಯನಾರಾಯಣ ಪೂಜೆ, ನೈವೇದ್ಯಕ್ಕೆ ಸಜ್ಜಿಗೆ. ಹೋಟೆಲಿಗೆ ಅದುವರೆಗೆ ಬರುತ್ತಿದ್ದದ್ದು ಕಲ್ಲುಪ್ಪು. ಆ ವಾರ ಮೊದಲ ಸಲ ಪುಡಿ ಉಪ್ಪು ಬಂತು. ಮಾವ ಅವಸರದಲ್ಲಿ ಸಕ್ಕರೆಯನ್ನು ಕೆಳಗಿನ ಸಾಲಿಗೆ ಇಳಿಸಿ, ಅದರ ಜಾಗದ ಡಬ್ಬಿಗೆ ಈ ಉಪ್ಪನ್ನು ಸುರಿದು, ಹಲಗೆಯಲ್ಲಿ ಆಮೇಲೆ ಬರೆದರಾಯಿತು ಎಂದು ಪೂಜೆಯ ಹೂವು ತರಲು ಹೋದರು. ಸುಬ್ರಾಯರು ಮಡಿಯಲ್ಲಿ ಬಂದು ಹಲಗೆ ನೋಡಿ ಡಬ್ಬಿ ಎತ್ತಿದರು. ದೇವರಿಗೆ ಇಡುವುದನ್ನು ರುಚಿ ನೋಡುವಂತಿಲ್ಲ. ಪೂಜೆ ಮುಗಿದು ಯಜಮಾನರು ಪ್ರಸಾದ ಬಾಯಿಗೆ ಹಾಕಿಕೊಂಡಾಗಲೇ ಎಲ್ಲರಿಗೂ ತಿಳಿದದ್ದು.

"ದೇವರಿಗೆ ಉಪ್ಪು ತಿನ್ನಿಸಿದವ ಅಂತ ಅವತ್ತೇ ಓಡಿಸಿದ್ರು. ತ್ರಿಪ್ಲಿಕೇನಿನಲ್ಲಿ ಯಾವ ಹೋಟೆಲಿನವರೂ ಮತ್ತೆ ತಗೊಳ್ಲಿಲ್ಲ, ಕಾಸಿಮೇಡಿಗೆ ಹೋಗಿ ಅಂಗಡಿ ಇಟ್ಟ. ಹಲಗೆಯಲ್ಲಿ ಹಾಗೆ ಬರೆದಿತ್ತು ಅಂತ ಅವ ಹೇಳ್ತಾ ಇದ್ದ. ಯಜಮಾನರು ಹೋಗಿ ನೋಡುವಾಗ ಹಲಗೆ ಸರಿ ಇತ್ತು."

"ಸರಿ ಇತ್ತಾ?"

"ನಾನು ಅಷ್ಟರೊಳಗೆ ತಿದ್ದಿದ್ದೆ" ಎಂದರು ಮಾವ.

ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ದಿನ ಈ ಮನುಷ್ಯನ ಮೇಲೆ ಎಷ್ಟೆಲ್ಲ ರೇಗಿದ್ದೆನೋ, ಅದೆಲ್ಲ ಒಟ್ಟಿಗೆ ನೆನಪಾಗಿ ಸಂಕಟವಾಯಿತು.

ಬಂದರಿನ ಗೇಟಿನ ಹತ್ತಿರ, ಮೀನು ಹರಾಜಿಗೆ ಬರುವವರಿಗೆ ಇಡ್ಲಿ ಕಾಫಿ ಕೊಡುವ ಒಂದು ಸಣ್ಣ ಅಂಗಡಿ. ಒಲೆಯ ಹಿಂದೆ ನರೆತ ತಲೆಯ ಸುಬ್ರಾಯರು. ಮಾವ ಹೋಗಿ ಎದುರಿಗೆ ನಿಂತು, ಜೇಬಿನಿಂದ ಹಾಳೆ ತೆಗೆದು, ಅದನ್ನು ಬಿಡಿಸಲೂ ಆಗದೆ ಹಾಗೇ ಹಿಡಿದುಕೊಂಡರು.

"ಹಲಗೆ ತಪ್ಪಿತ್ತು ಸುಬ್ರಾಯ. ನಾನು ಬರೆದಿರ್ಲಿಲ್ಲ. ಆಮೇಲೆ ಅಳಿಸಿ ತಿದ್ದಿದ್ದೂ ನಾನೇ."

ಸುಬ್ರಾಯರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಗೊತ್ತುಂಟು ಮಾರಾಯ. ಉಗ್ರಾಣದ ಬೀಗದಕೈ ಇನ್ನು ಯಾರ ಹತ್ರ ಇತ್ತು?" ಎಂದರು. "ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ? ಕೂತ್ಕೊ. ಇವಳು ನಿನ್ನ ತಂಗಿ ಮಗಳಾ?"

ನಾನೇ ಹೌದೆಂದು ಹೇಳಿ ಮಾವನನ್ನು ಬೆಂಚಿನ ಮೇಲೆ ಕೂರಿಸಿದೆ. ಸುಬ್ರಾಯರು ಎರಡು ಲೋಟಕ್ಕೆ ಡಿಕಾಕ್ಷನ್ ಬಗ್ಗಿಸಿ, ಹಾಲು ಹೊಯ್ದರು. ಆ ಪುಟ್ಟ ಅಂಗಡಿಯಲ್ಲಿ ಇದ್ದದ್ದು ನಾಲ್ಕೇ ಡಬ್ಬಿ, ಸಕ್ಕರೆಯದರ ಮೇಲೆ ಸಕ್ಕರೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅವರು ಅದನ್ನು ತೆರೆದು, ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ನಾಲಿಗೆಗೆ ಮುಟ್ಟಿಸಿ ನೋಡಿದರು. ಆಮೇಲೆ ನಮ್ಮ ಕಾಫಿಗೆ ಹಾಕಿದರು.

ಮಾವ ಅದನ್ನು ನೋಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೀನಿನ ಬುಟ್ಟಿ ಹೊತ್ತ ಅಷ್ಟು ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತರು.